ಬೇಲೂರು–ಹಾಸನ ಬಸ್ಸು, ಕಾಫಿ ಲೋಟ ಮತ್ತು ನಿದ್ದೆಯ ಲೆಕ್ಕ

ಪ್ರಶ್ನೆ: ಮೇಡಂ, ನನಗೆ ನಲವತ್ತೆರಡು ವರ್ಷ. ಬೇಲೂರಿನಲ್ಲಿ ಮನೆ, ಹಾಸನದಲ್ಲಿ ಕೆಲಸ. ದಿನವೂ ಬಸ್ಸಿನಲ್ಲಿ ಓಡಾಟ. ನಾಲ್ಕು ತಿಂಗಳಿನಿಂದ ಒಂದು ಡೈರಿಯಲ್ಲಿ ಎದ್ದ ಸಮಯ, ಎಷ್ಟು ಗಂಟೆ ನಿದ್ದೆ, ಎಷ್ಟು ಕಾಫಿ, ಬಸ್ಸಿಗೆ ಹಿಡಿದ ನಿಮಿಷ, ನಡಿಗೆ, ಮೊಬೈಲ್ ನೋಡಿದ ಹೊತ್ತು ಇವನ್ನೆಲ್ಲ ಬರೆಯುತ್ತಿದ್ದೇನೆ. ಮಗಳು ಪ್ರಥಮ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡಿದ್ದಾಳೆ. ಅವಳ ಪುಸ್ತಕ ತೆರೆದರೆ ನನಗೆ ಏನೂ ತಲೆಗೆ ಹತ್ತುವುದಿಲ್ಲ. ಈ ಡೈರಿಯನ್ನೇ ಇಟ್ಟುಕೊಂಡು ಸಂಖ್ಯಾಶಾಸ್ತ್ರ ಕಲಿಯಬಹುದೇ? ಮೊಬೈಲಿನ ಆ್ಯಪ್ ‘ನಿಮ್ಮ ಸರಾಸರಿ ನಿದ್ದೆ ಆರೂವರೆ ಗಂಟೆ’ ಎನ್ನುತ್ತದೆ. ಕಳೆದ ವಾರ ಒಂದು ರಾತ್ರಿಯೂ ನಾನು ಆರೂವರೆ ಗಂಟೆ ಮಲಗಿಲ್ಲ. ಕಾಫಿ ಜಾಸ್ತಿಯಾದ ದಿನ ನಿದ್ದೆ ಕಡಿಮೆ ಎಂದು ಡೈರಿ ತೋರಿಸುತ್ತಿದೆ, ಕಾಫಿ ಬಿಡಲೇ? ನಿದ್ದೆ ಪೂರ್ತಿ ಕೆಟ್ಟ ಮರುದಿನ ಜಾಯಿಕಾಯಿ ತೇಯ್ದ ಹಾಲು ಕುಡಿದರೆ ಪ್ರತಿಸಲವೂ ಚೆನ್ನಾಗಿ ನಿದ್ದೆ ಬಂದಿದೆ. ಇದು ಸಾಬೀತಾದಂತೆಯೇ? ಕೆಲವು ಪುಟಗಳ ನಕಲು ಕಳಿಸಿದ್ದೇನೆ.
— ಓದುಗರೊಬ್ಬರು, ಬೇಲೂರು

ಉತ್ತರ: ಕಲಿಯಬಹುದು. ಪಠ್ಯಪುಸ್ತಕದಲ್ಲಿ ಬರುವ ಯಾರದೋ ಕಾರ್ಖಾನೆಯ ಬಲ್ಬುಗಳ ಬಾಳಿಕೆಗಿಂತ ನಿಮ್ಮ ನಿದ್ದೆಯ ಲೆಕ್ಕ ನಿಮಗೆ ಬೇಗ ಹತ್ತುತ್ತದೆ. ಬಲ್ಬಿನ ಲೆಕ್ಕದಲ್ಲಿ ಉತ್ತರ ಅಡ್ಡಾದಿಡ್ಡಿ ಬಂದರೂ ನಮಗೆ ಅನುಮಾನ ಬರುವುದಿಲ್ಲ. ನಿಮ್ಮದೇ ನಿದ್ದೆಯ ವಿಷಯದಲ್ಲಿ ಹಾಗಲ್ಲ; ಆ್ಯಪ್ ಹೇಳಿದ ಆರೂವರೆ ಗಂಟೆ ನಿಮಗೆ ತಕ್ಷಣ ಸುಳ್ಳೆನಿಸಿತು. ಅದು ಸುಳ್ಳಲ್ಲ, ಆದರೆ ನಿಮ್ಮ ಅನುಮಾನವೂ ಸರಿ. ಎರಡೂ ಹೇಗೆ ಸರಿ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಕೂಡುವ ಭಾಗಿಸುವ ಕೆಲಸಕ್ಕೆ ಮೊದಲು ಡೈರಿಯನ್ನೇ ಸ್ವಲ್ಪ ತರಾಟೆಗೆ ತೆಗೆದುಕೊಳ್ಳಬೇಕು.

ಎದ್ದ ಸಮಯದ ಕಾಲಂ ನೋಡಿ: 5:30, 5:45, 5:30, 6:00, 5:30. ಒಂದು ದಿನವೂ 5:37 ಇಲ್ಲ. ಹೀಗೆ ಕಾಲು ಗಂಟೆಯ ಮುಳ್ಳಿಗೆ ಸರಿಯಾಗಿ ಕಣ್ಣು ಬಿಡುವವರು ಯಾರೂ ಇಲ್ಲ. ಇದು ಗಡಿಯಾರ ನೋಡಿ ಬರೆದದ್ದಲ್ಲ, ರಾತ್ರಿ ಊಟವಾದ ಮೇಲೆ ನೆನಪಿನಿಂದ ಬರೆದದ್ದು. ನಮ್ಮ ಜನಗಣತಿಯಲ್ಲೂ ಈ ಕಾಯಿಲೆ ಹಳೆಯದು. ವಯಸ್ಸು ಕೇಳಿದರೆ 39, 41 ಎನ್ನುವವರಿಗಿಂತ 40 ಎನ್ನುವವರು ಬಹಳ ಹೆಚ್ಚು. ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳ ಮೇಲೆ ಜನ ರಾಶಿ ಬೀಳುತ್ತಾರೆ. ಆ ರಾಶಿ ಎಷ್ಟು ದೊಡ್ಡದು ಎಂದು ಅಳೆಯುವುದಕ್ಕೆಂದೇ ವಿಪ್ಪಲ್, ಮೈಯರ್ಸ್ ಎಂಬವರ ಹೆಸರಿನ ಸೂಚ್ಯಂಕಗಳಿವೆ. ಕಾಲು ಗಂಟೆಯ ಲೆಕ್ಕದಲ್ಲಿ ಬರೆದರೆ ಅಪರಾಧವೇನಿಲ್ಲ. ಆದರೆ ಅಂಥ ಅಂಕಿಗಳಿಂದ ‘ಸರಾಸರಿ 5 ಗಂಟೆ 41 ನಿಮಿಷ 26 ಸೆಕೆಂಡು’ ಎಂದು ಉತ್ತರ ತೆಗೆದು ಸೆಕೆಂಡುಗಳನ್ನು ನಂಬಿದರೆ ಅಪರಾಧ.

ಕಾಫಿಯ ಕಾಲಂ ಇನ್ನೂ ತಕರಾರಿನದು. ಒಂದು ಕಡೆ 3½ ಎಂದು ಬರೆದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಬೈಟು’ ಎಂದಿದ್ದೀರಿ. ಮೂರು ಸಾಲು ಕೆಳಗೆ ಇನ್ನೊಂದು ಬೈಟು ಕಾಫಿ ಇಡೀ ಒಂದಾಗಿದೆ. ಮನೆಯ ಸ್ಟೀಲ್ ಲೋಟವೂ ಒಂದು, ಬಸ್ ನಿಲ್ದಾಣದ ಗಾಜಿನ ಲೋಟವೂ ಒಂದು. ಕೆಫೀನ್ ಲೆಕ್ಕ ಹಿಡಿದರೆ ವ್ಯತ್ಯಾಸ ಇನ್ನೂ ದೊಡ್ಡದು: ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಇರುವುದೇ ಇಲ್ಲ. ಅರ್ಧಕ್ಕರ್ಧ ಚಿಕೋರಿ ಬೆರೆಸಿದ ಪುಡಿಯ ಎರಡು ಲೋಟವೂ ಅಪ್ಪಟ ರೊಬಸ್ಟಾದ ಎರಡು ಲೋಟವೂ ನಿಮ್ಮ ಡೈರಿಯಲ್ಲಿ ‘2’ ಆಗಿ ಕೂತಿವೆ. ನೀವು ಪ್ರಯೋಗಾಲಯ ನಡೆಸಬೇಕಿಲ್ಲ, ಏನನ್ನು ಒಂದು ಎಂದು ಎಣಿಸುತ್ತೀರಿ ಎನ್ನುವುದನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟು ಅದಕ್ಕೆ ಅಂಟಿಕೊಂಡರೆ ಸಾಕು.

ಈ ಶಿಸ್ತನ್ನು ನಿಮ್ಮ ಸುತ್ತಲಿನ ಕಾಫಿ ತೋಟದವರಿಂದಲೇ ಕಲಿಯಬಹುದು. ಮಳೆಯ ಲೆಕ್ಕ ಇಡುವ ತೋಟಗಳಲ್ಲಿ ಮಾಪಕದ ನೀರನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಇಂಚು-ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಶುರುವಾಗುವುದು ಮಧ್ಯರಾತ್ರಿಯಲ್ಲ, ಬೆಳಿಗ್ಗೆ 8:30ಕ್ಕೆ. ದಿನಕ್ಕೆ 2.5 ಮಿಲಿಮೀಟರಾದರೂ ಬಿದ್ದರೆ ಮಾತ್ರ ಅದು ‘ಮಳೆ ದಿನ’. ನಾಲ್ಕು ಹನಿ ಬಿದ್ದು ಬಟ್ಟೆ ಒಳಗೆ ತಂದ ದಿನ ನಮಗೆ ಮಳೆ, ಇಲಾಖೆಗೆ ಅಲ್ಲ. ಇಂಥ ಒಂದು ಗೆರೆ ಎಳೆದುಕೊಳ್ಳದೆ ಎಣಿಸುವುದಕ್ಕೆ ಹೊರಟರೆ ಎಣಿಕೆ ದಿನಕ್ಕೊಂದು ತರಹ ಆಗುತ್ತದೆ.

ಖಾಲಿ ಬಿಟ್ಟ ಸಾಲುಗಳ ಬಗ್ಗೆಯೂ ಒಂದು ಮಾತು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಅಳೆಯದ ದಿನ ಗೀಟು ಎಳೆಯಬೇಕು. ಎರಡನ್ನೂ ಖಾಲಿ ಬಿಟ್ಟರೆ ಮುಂದೆ ನೋಡುವವರಿಗೆ ಯಾವುದು ಯಾವುದೆಂದು ತಿಳಿಯದು. ನಿಮ್ಮ ಪುಟಗಳಲ್ಲಿ ಅಲ್ಲಲ್ಲಿ ಇಡೀ ಸಾಲೇ ಖಾಲಿ. ಆ ದಿನಗಳಲ್ಲಿ ಏನಾಗಿತ್ತು? ಜ್ವರವೋ, ನೆಂಟರೋ, ಬರೆಯಲಾರದಷ್ಟು ಸುಸ್ತೋ? ಹಾಗಿದ್ದರೆ ನಿದ್ದೆಗೆಟ್ಟ ದಿನಗಳೇ ಆಯ್ದು ಆಯ್ದು ಡೈರಿಯಿಂದ ಹೊರಗುಳಿದಿವೆ, ಉಳಿದ ದಿನಗಳ ಸರಾಸರಿ ನಿಮ್ಮನ್ನು ಇರುವುದಕ್ಕಿಂತ ಸುಖಿಯಾಗಿ ತೋರಿಸುತ್ತದೆ. ಸಮೀಕ್ಷೆಗೆ ಉತ್ತರಿಸದೆ ಬಾಗಿಲು ಹಾಕಿಕೊಂಡ ಮನೆಗಳ ಬಗ್ಗೆ ದೊಡ್ಡ ದೊಡ್ಡ ಸಂಸ್ಥೆಗಳು ತಲೆಕೆಡಿಸಿಕೊಳ್ಳುವುದೂ ಈ ಕಾರಣಕ್ಕೇ.

ಚೊಕ್ಕವಾಗಿರುವುದು ಬಸ್ಸಿನ ಕಾಲಂ ಒಂದೇ. ಹತ್ತುವಾಗ, ಇಳಿಯುವಾಗ ಮೊಬೈಲ್ ನೋಡಿ ಬರೆದಿದ್ದೀರಿ ಎಂದು ಅಂಕಿ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಕಲಿಕೆ ಅಲ್ಲಿಂದ ಶುರುವಾಗಲಿ. ಸಾಲಾಗಿ ಹನ್ನೆರಡು ಕೆಲಸದ ದಿನ, ಬೇಲೂರಿನಿಂದ ಹಾಸನಕ್ಕೆ ಹಿಡಿದ ನಿಮಿಷಗಳು: 62, 58, 65, 60, 71, 59, 63, 61, 118, 64, 60, 67.

ಕೂಡಿದರೆ 808, ಹನ್ನೆರಡರಿಂದ ಭಾಗಿಸಿದರೆ 67.3. ಈಗ ಒಂದೊಂದೇ ದಿನವನ್ನು ಈ 67.3ರ ಪಕ್ಕ ಇಟ್ಟು ನೋಡಿ. ಹನ್ನೆರಡರಲ್ಲಿ ಹತ್ತು ದಿನ ಬಸ್ಸು ಸರಾಸರಿಗಿಂತ ಬೇಗ ಬಂದಿದೆ! ‘ಸರಾಸರಿ’ ಎಂದರೆ ಅರ್ಧ ಈಚೆ ಅರ್ಧ ಆಚೆ ಎಂದುಕೊಂಡವರಿಗೆ ಇದು ವಿಚಿತ್ರವೆನಿಸುತ್ತದೆ. ಕಾರಣ ಆ 118. ಅದರ ಪಕ್ಕದಲ್ಲಿ ನೀವೇ ‘ಮರ ಬಿದ್ದಿತ್ತು’ ಎಂದು ಬರೆದಿದ್ದೀರಿ. ಒಂದು ಮರ ಇಡೀ ಹನ್ನೆರಡು ದಿನಗಳ ಸರಾಸರಿಯನ್ನು ನಾಲ್ಕೂವರೆ ನಿಮಿಷ ಮೇಲಕ್ಕೆತ್ತಿದೆ; ಆ ದಿನವನ್ನು ಬಿಟ್ಟರೆ ಸರಾಸರಿ 62.7.

ಇನ್ನು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ. ನಟ್ಟನಡುವೆ 62 ಮತ್ತು 63 ಬರುತ್ತವೆ, ಅವುಗಳ ಮಧ್ಯೆ 62.5. ಇದೇ ನಿಮ್ಮ ಮಗಳ ಪುಸ್ತಕದ ಮಧ್ಯಾಂಕ. ಮರ ಬೀಳಲಿ, 118ರ ಬದಲು 300 ನಿಮಿಷವಾಗಲಿ, ಮಧ್ಯಾಂಕ ಜಪ್ಪಯ್ಯ ಎನ್ನುವುದಿಲ್ಲ. ಹಾಗಾದರೆ ಸರಾಸರಿ ಕೆಟ್ಟದ್ದು, ಮಧ್ಯಾಂಕ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ನೀವು ಕೇಳುವ ಪ್ರಶ್ನೆ ಯಾವುದು ಎನ್ನುವುದರ ಮೇಲೆ ಉತ್ತರ ನಿಂತಿದೆ. ‘ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕು’ ಎಂದರೆ ಮಧ್ಯಾಂಕ ಹೇಳಿ. ‘ವರ್ಷಕ್ಕೆ ನನ್ನ ಎಷ್ಟು ಗಂಟೆ ಬಸ್ಸಿನಲ್ಲಿ ಹೋಗುತ್ತದೆ’ ಎಂದರೆ ಸರಾಸರಿಯೇ ಬೇಕು, ಏಕೆಂದರೆ ಸರಾಸರಿಯನ್ನು ದಿನಗಳಿಂದ ಗುಣಿಸಿದರೆ ಒಟ್ಟು ಮೊತ್ತ ಬರುತ್ತದೆ. ಮರ ಬಿದ್ದ ದಿನ ಕೂತ ಹೊತ್ತೂ ನಿಮ್ಮ ಆಯುಸ್ಸಿನದೇ. ‘ಕಚೇರಿಗೆ ತಡವಾಗದಿರಲು ಎಷ್ಟು ಮೊದಲು ಹೊರಡಬೇಕು’ ಎಂಬ ಪ್ರಶ್ನೆಗೆ ಎರಡೂ ಕೈಕೊಡುತ್ತವೆ. ಮಧ್ಯಾಂಕವನ್ನು ನಂಬಿ ಹೊರಟರೆ ಅರ್ಧದಷ್ಟು ದಿನಗಳಲ್ಲಿ ತಡವಾಗುತ್ತದೆ. ಅಲ್ಲಿ ನೋಡಬೇಕಾದ್ದು ಅಂಕಿಗಳ ಮೇಲ್ತುದಿ: ಹನ್ನೆರಡರಲ್ಲಿ ಹನ್ನೊಂದು ದಿನ 71 ನಿಮಿಷದೊಳಗೆ ತಲುಪಿದ್ದೀರಿ, ಹಾಗಾಗಿ ಎಪ್ಪತ್ತೈದು ನಿಮಿಷ ಇಟ್ಟುಕೊಂಡರೆ ಮರ ಬೀಳದ ದಿನಗಳಲ್ಲಿ ನಿಶ್ಚಿಂತೆ.

ಇದನ್ನು ಚಿತ್ರವಾಗಿ ನೋಡುವ ಒಂದು ವಿಧಾನವನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಜನಪ್ರಿಯಗೊಳಿಸಿದರು. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಹತ್ತರ ಸ್ಥಾನವನ್ನು ಎಡಕ್ಕೆ, ಬಿಡಿ ಸ್ಥಾನವನ್ನು ಬಲಕ್ಕೆ ಬರೆಯುವುದು:

5 | 8 9
6 | 0 0 1 2 3 4 5 7
7 | 1
8 |
9 |
10 |
11 | 8

ನಡುವಿನ ಮೂರು ಖಾಲಿ ಸಾಲುಗಳನ್ನು ಬಿಟ್ಟುಬಿಡಬೇಡಿ, ಈ ಚಿತ್ರದ ಜೀವ ಅಲ್ಲಿದೆ. 118 ಎನ್ನುವುದು ‘ಸ್ವಲ್ಪ ತಡವಾದ ದಿನ’ ಅಲ್ಲ, ಬೇರೆಯೇ ಜಾತಿಯ ದಿನ ಎನ್ನುವುದು ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ತಿಂಗಳ ಬಸ್ಸನ್ನೂ ಹೀಗೆ ಬರೆಯಿರಿ. ಆ್ಯಪ್‌ಗಳು ಕೊಡುವ ಬಣ್ಣಬಣ್ಣದ ವೃತ್ತಚಿತ್ರಗಳ ಗೊಡವೆಗೆ ಹೋಗಬೇಡಿ. ಅವು ನೋಡಲು ಚೆಂದ, ಓದಲು ಕಷ್ಟ.

ಈಗ ಆ ಆರೂವರೆ ಗಂಟೆ. ನೀವು ಕಳಿಸಿದ ಎರಡು ವಾರಗಳ ನಿದ್ದೆ ಹೀಗಿದೆ. ಮೊದಲ ವಾರ: 6, 6½, 6½, 6, 7, 6½, 7. ಎರಡನೇ ವಾರ: 5, 5½, 5, 6, 5½, 9, 9½. ಎರಡನ್ನೂ ಕೂಡಿ ನೋಡಿ, 45½ ಬರುತ್ತದೆ. ಏಳರಿಂದ ಭಾಗಿಸಿದರೆ ಎರಡೂ ವಾರ ಸರಿಯಾಗಿ ಆರೂವರೆ. ಆ್ಯಪ್ ಸುಳ್ಳು ಹೇಳಿಲ್ಲ. ಆದರೆ ಎರಡನೇ ವಾರ ಆರೂವರೆ ಗಂಟೆಯ ರಾತ್ರಿ ಒಂದೂ ಇಲ್ಲ. ಐದು ರಾತ್ರಿ ಅರೆನಿದ್ದೆ, ರಜೆಗೆ ಮುಂಚಿನ ಎರಡು ರಾತ್ರಿ ಸಾಲ ತೀರಿಸುವ ನಿದ್ದೆ. ಹಾಸನ ಜಿಲ್ಲೆಯ ಸರಾಸರಿ ಮಳೆ ಎಂಬ ಅಂಕಿಯೂ ಇಂಥದ್ದೇ. ಅದು ಮಲೆನಾಡಿನ ಸಕಲೇಶಪುರದಲ್ಲೂ ಬೀಳುವುದಿಲ್ಲ, ಬಯಲುಸೀಮೆಯ ಅರಸೀಕೆರೆಯಲ್ಲೂ ಬೀಳುವುದಿಲ್ಲ.

ಎರಡು ವಾರಗಳ ನಡುವಿನ ಈ ವ್ಯತ್ಯಾಸಕ್ಕೆ ಒಂದು ಅಂಕಿ ಬೇಕಲ್ಲ, ಅದೇ ಮಾನಕ ವಿಚಲನೆ. ಹೆಸರು ಕೇಳಿ ಹೆದರಬೇಡಿ. ಪ್ರತಿ ರಾತ್ರಿಯೂ ಆರೂವರೆಯಿಂದ ಎಷ್ಟು ದೂರ ಎಂದು ಬರೆಯಿರಿ. ಎರಡನೇ ವಾರಕ್ಕೆ: −1½, −1, −1½, −½, −1, 2½, 3. ಇವನ್ನು ಸುಮ್ಮನೆ ಕೂಡಿದರೆ ಸೊನ್ನೆ. ಯಾವಾಗಲೂ ಸೊನ್ನೆಯೇ, ಏಕೆಂದರೆ ಸರಾಸರಿ ಇರುವುದೇ ನಡುವೆ ತೂಗಿಕೊಂಡು. ಆದ್ದರಿಂದ ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಋಣ ಚಿಹ್ನೆ ಹೋಗಲಾಡಿಸಿ, ಆಮೇಲೆ ಕೂಡಿ: 22. ಆರರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: ಸುಮಾರು 1.9 ಗಂಟೆ. ಮೊದಲ ವಾರಕ್ಕೂ ಹೀಗೇ ಮಾಡಿದರೆ ವರ್ಗಗಳ ಮೊತ್ತ ಬರೀ 1, ಉತ್ತರ ಸುಮಾರು 0.4 ಗಂಟೆ. ಒಂದು ವಾರ ನಿಮ್ಮ ರಾತ್ರಿಗಳು ಆರೂವರೆಯಿಂದ ಇಪ್ಪತ್ತು-ಇಪ್ಪತ್ತೈದು ನಿಮಿಷ ಅತ್ತಿತ್ತ ಆಗಿವೆ, ಇನ್ನೊಂದು ವಾರ ಹೆಚ್ಚುಕಡಿಮೆ ಎರಡು ಗಂಟೆ. ಯಾರಾದರೂ ನಿಮಗೆ ಸರಾಸರಿಯೊಂದನ್ನೇ ಕೊಟ್ಟು ಈ ಎರಡನೆಯ ಅಂಕಿಯನ್ನು ಕೊಡದಿದ್ದರೆ ಅರ್ಧ ಸುದ್ದಿಯನ್ನು ಮುಚ್ಚಿಟ್ಟಿದ್ದಾರೆ ಎಂದು ತಿಳಿಯಿರಿ. ನನ್ನನ್ನು ಕೇಳಿದರೆ ಮುಖ್ಯವಾದ ಅರ್ಧ ಅದೇ.

ಏಳು ರಾತ್ರಿ ಇರುವಾಗ ಆರರಿಂದ ಏಕೆ ಭಾಗಿಸಿದ್ದು ಎಂದು ಮಗಳನ್ನು ಕೇಳಿ. ಸುಳಿವು: ದೂರಗಳ ಮೊತ್ತ ಸೊನ್ನೆ ಎಂದು ಗೊತ್ತಿದ್ದರೆ ಮೊದಲ ಆರು ತಿಳಿದ ಮೇಲೆ ಏಳನೆಯದು ತಾನಾಗಿಯೇ ನಿಗದಿಯಾಗಿಬಿಡುತ್ತದೆ.

ಕಾಫಿಗೆ ಬರೋಣ. ಡೈರಿಯ ಒಂದು ಸಾಲನ್ನು ಹಾಗೆಯೇ ಎತ್ತಿ ಬರೆಯುತ್ತೇನೆ: ‘ಮಂಗಳವಾರ. ಎದ್ದದ್ದು 5:30. ನಿದ್ದೆ 5. ಕಾಫಿ 5. ಬಸ್ಸು 71.’ ಕಾಫಿ ಐದು, ನಿದ್ದೆ ಐದೇ ಗಂಟೆ. ಕಾಫಿ ನಿದ್ದೆ ಕೆಡಿಸಿತು ಎಂದು ನೀವು ಓದಿಕೊಂಡಿದ್ದೀರಿ. ಸ್ವಲ್ಪ ನಿಲ್ಲಿ. ಈ ಐದು ಗಂಟೆಯ ನಿದ್ದೆ ಯಾವಾಗಿನದು? ಸೋಮವಾರ ರಾತ್ರಿಯದು. ಐದು ಕಾಫಿ ಯಾವಾಗಿನವು? ಮಂಗಳವಾರ ಹಗಲಿನವು. ಮೊದಲು ನಿದ್ದೆ ಕೆಟ್ಟಿತು, ಆಮೇಲೆ ಕಾಫಿ ಕುಡಿದಿರಿ. ಮಂಗಳವಾರ ಸಂಜೆಯ ಕಾಫಿ ಹಿಂದಕ್ಕೆ ನಡೆದು ಸೋಮವಾರ ರಾತ್ರಿಯ ನಿದ್ದೆಯನ್ನು ಕೆಡಿಸಲಾರದು. ನಿಮ್ಮ ಡೈರಿ ಈಗಿರುವ ರೂಪದಲ್ಲಿ ತೋರಿಸುತ್ತಿರುವುದು ಇಷ್ಟೇ: ನಿದ್ದೆಗೆಟ್ಟ ಮರುದಿನ ನೀವು ತೂಕಡಿಕೆ ಕಳೆಯಲು ಹೆಚ್ಚು ಕಾಫಿ ಕುಡಿಯುತ್ತೀರಿ. ಅದಕ್ಕೆ ಡೈರಿ ಬೇಕಿರಲಿಲ್ಲ, ಕಚೇರಿಗೆ ಕಾಫಿ ತಂದುಕೊಡುವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ನಿಮಗೆ ಬೇಕಾದ ಜೋಡಿ ಬೇರೆ. ಮಂಗಳವಾರದ ಕಾಫಿಯ ಎದುರು ಬುಧವಾರದ ಸಾಲಿನಲ್ಲಿರುವ ನಿದ್ದೆಯನ್ನು ಬರೆಯಬೇಕು. ನಿದ್ದೆಯ ಇಡೀ ಕಾಲಂ ಒಂದು ಮನೆ ಮೇಲಕ್ಕೆ ಸರಿಯಬೇಕು. ಇದನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿ, ಗ್ರಾಫ್ ಹಾಳೆಯ ಮೇಲೆ ದಿನಕ್ಕೊಂದು ಚುಕ್ಕೆ ಇಡಿ. ಅಡ್ಡಕ್ಕೆ ಕಾಫಿ, ಉದ್ದಕ್ಕೆ ಆ ರಾತ್ರಿಯ ನಿದ್ದೆ. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತಾ ಹೋದರೆ ಋಣ ಸಹಸಂಬಂಧ, ಏರುತ್ತಾ ಹೋದರೆ ಧನ, ಜೇನುಹುಳುಗಳ ಹಿಂಡಿನಂತೆ ಸುಮ್ಮನೆ ಕವಿದಿದ್ದರೆ ಏನೂ ಇಲ್ಲ. −1ರಿಂದ +1ರವರೆಗೆ ಒಂದು ಅಂಕಿ ಕೊಡುವ ಸೂತ್ರ ಮಗಳ ಪುಸ್ತಕದಲ್ಲಿದೆ, ಅದನ್ನು ಅವಳಿಂದಲೇ ಮಾಡಿಸಿ. ಆದರೆ ಚುಕ್ಕೆಗಳನ್ನು ನೋಡದೆ ಸೂತ್ರ ಹಾಕಬೇಡಿ. ಒಂದೇ ಸರಾಸರಿ, ಒಂದೇ ಸಹಸಂಬಂಧ ಇದ್ದೂ ಚಿತ್ರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕು ಪಟ್ಟಿಗಳನ್ನು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲೇ ಕಟ್ಟಿ ತೋರಿಸಿದ್ದಾರೆ.

ಸಾಲು ಸರಿಸಿದ ಮೇಲೂ ಕಾಫಿ ಹೆಚ್ಚಾದ ದಿನ ನಿದ್ದೆ ಕಡಿಮೆ ಎಂದೇ ಬಂತು ಎನ್ನಿ. ಕಾಫಿ ತಪ್ಪಿತಸ್ಥನೇ? ಉದಾಹರಣೆಗೆಂದು ನಾನೇ ಕೆಲವು ಅಂಕಿ ಹಾಕುತ್ತೇನೆ. ನೂರು ದಿನಗಳಲ್ಲಿ ನಾಲ್ಕು ಲೋಟಕ್ಕೆ ಕಡಿಮೆಯಿಲ್ಲದಂತೆ ಕುಡಿದದ್ದು 40 ದಿನ, ಅದರಲ್ಲಿ 24 ರಾತ್ರಿ ನಿದ್ದೆ ಆರು ಗಂಟೆಗಿಂತ ಕಡಿಮೆ. ಅದು ಶೇ 60. ಕಡಿಮೆ ಕುಡಿದ 60 ದಿನಗಳಲ್ಲಿ ನಿದ್ದೆ ಕಡಿಮೆಯಾದದ್ದು 22 ರಾತ್ರಿ, ಸುಮಾರು ಶೇ 37. ವ್ಯತ್ಯಾಸ ಢಾಳಾಗಿದೆ. ಈಗ ಅದೇ ನೂರು ದಿನಗಳನ್ನು ಕಚೇರಿಯಲ್ಲಿ ಕೆಲಸ ವಿಪರೀತ ಇದ್ದ ದಿನ, ಇಲ್ಲದ ದಿನ ಎಂದು ಎರಡು ರಾಶಿ ಮಾಡಿ. ಕೆಲಸ ವಿಪರೀತ ಇದ್ದ 40 ದಿನಗಳಲ್ಲಿ ಹೆಚ್ಚು ಕಾಫಿಯ ದಿನ 30, ನಿದ್ದೆಗೆಟ್ಟದ್ದು 21. ಕಡಿಮೆ ಕಾಫಿಯ ದಿನ 10, ನಿದ್ದೆಗೆಟ್ಟದ್ದು 7. ಎರಡೂ ಶೇ 70. ಹಗುರ ಕೆಲಸದ 60 ದಿನಗಳಲ್ಲಿ ಹೆಚ್ಚು ಕಾಫಿಯ 10 ದಿನಕ್ಕೆ 3, ಕಡಿಮೆ ಕಾಫಿಯ 50 ದಿನಕ್ಕೆ 15. ಎರಡೂ ಶೇ 30. ಎರಡು ರಾಶಿಯಲ್ಲೂ ಕಾಫಿಯಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಒಟ್ಟುಗೂಡಿಸಿದಾಗ ಕಂಡ ವ್ಯತ್ಯಾಸವೆಲ್ಲ ಕೆಲಸದ ಒತ್ತಡದ್ದು. ಅದು ಒಂದು ಕೈಯಲ್ಲಿ ಕಾಫಿ ಕುಡಿಸುತ್ತದೆ, ಇನ್ನೊಂದು ಕೈಯಲ್ಲಿ ನಿದ್ದೆ ಕಸಿಯುತ್ತದೆ, ಹೆಸರು ಕೆಡುವುದು ಕಾಫಿಯದು. ಬೇಕಿದ್ದರೆ 21 ಮತ್ತು 3 ಕೂಡಿ 24, 7 ಮತ್ತು 15 ಕೂಡಿ 22 ಆಗುತ್ತದೆಯೇ ಎಂದು ತಾಳೆ ನೋಡಿಕೊಳ್ಳಿ.

ನಿಮ್ಮ ಮನೆಯಲ್ಲಿ ನಿಜವಾಗಿ ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯ ಆಸುಪಾಸು ಬೇಕು, ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ಹಾಗಾಗಿ ಕಾಫಿಯ ಮೇಲಿನ ಗುಮಾನಿ ಅಸಂಗತವಲ್ಲ. ಆದರೆ ಡೈರಿಯನ್ನು ಎಷ್ಟು ತಿರುವಿದರೂ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಒತ್ತಡದ ಲೆಕ್ಕ ಹಿಡಿದರೆ ಮೊಬೈಲ್ ಉಳಿಯುತ್ತದೆ, ಮೊಬೈಲಿನ ಲೆಕ್ಕ ಹಿಡಿದರೆ ನೀವು ಬರೆಯದೇ ಬಿಟ್ಟ ಇನ್ನೇನೋ ಉಳಿಯುತ್ತದೆ. ಬಗೆಹರಿಸಬೇಕಾದರೆ ಪ್ರಯೋಗ ಮಾಡಬೇಕು. ಅದಕ್ಕೆ ಬೇಕಾದ್ದು ಒಂದು ರೂಪಾಯಿಯ ನಾಣ್ಯ.

ದಿನವೂ ಬೆಳಿಗ್ಗೆ ನಾಣ್ಯ ಚಿಮ್ಮಿ. ಒಂದು ಮುಖ ಬಿದ್ದರೆ ಅಂದು ಸಂಜೆ ನಾಲ್ಕರ ನಂತರ ಕಾಫಿ ಇಲ್ಲ; ಇನ್ನೊಂದು ಮುಖ ಬಿದ್ದರೆ ಎಂದಿನಂತೆ. ‘ಇವತ್ತು ಬಿಡೋಣ’ ಎಂದು ನೀವೇ ತೀರ್ಮಾನಿಸಬಾರದು. ಹಾಗೆ ಮಾಡಿದರೆ ನೆಮ್ಮದಿಯ ದಿನಗಳಲ್ಲೇ ಕಾಫಿ ಬಿಡುತ್ತೀರಿ, ಮತ್ತೆ ಒತ್ತಡ ಒಳಗೆ ನುಸುಳುತ್ತದೆ. ನಾಣ್ಯಕ್ಕೆ ನಿಮ್ಮ ಕಚೇರಿಯ ಸುದ್ದಿ ಗೊತ್ತಿಲ್ಲ. ಒತ್ತಡ, ಮಳೆ, ನೆಂಟರು, ಹಬ್ಬ ಎಲ್ಲವೂ ಎರಡು ಬಣಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಹೀಗೆ ಚೀಟಿ ಎತ್ತಿ ಹಂಚುವುದನ್ನು ಪ್ರಯೋಗದ ಕಡ್ಡಾಯ ನಿಯಮವಾಗಿಸಿದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್. ರಾಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರಿಗಿದ್ದ ತಲೆನೋವು ನಮ್ಮ ರೈತರಿಗೂ ಗೊತ್ತಿರುವಂಥದ್ದು: ಗೊಬ್ಬರ ಹಾಕಿದ ಪಾತಿ ಚೆನ್ನಾಗಿ ಬೆಳೆದರೆ ಅದು ಗೊಬ್ಬರದ ಗುಣವೋ, ಆ ಪಾತಿಯ ಮಣ್ಣೇ ಫಲವತ್ತಾಗಿತ್ತೋ?

ಒಂದು ತಿಂಗಳಾದ ಮೇಲೆ ನಿಮ್ಮ ಬಳಿ ಎರಡು ಪಟ್ಟಿ ಇರುತ್ತವೆ. ಕಾಫಿ ಬಿಟ್ಟ ರಾತ್ರಿಗಳ ಸರಾಸರಿ ಇಪ್ಪತ್ತು ನಿಮಿಷ ಹೆಚ್ಚು ಬಂತು ಎಂದಿಟ್ಟುಕೊಳ್ಳಿ. ಇದು ನಿಜವೋ, ಬರೀ ಆಕಸ್ಮಿಕವೋ? ಪುಸ್ತಕದಲ್ಲಿ ಇದಕ್ಕೆ ಸೂತ್ರಗಳಿವೆ. ನೀವು ಕೈಯಿಂದ ಮಾಡಿ. ಎಲ್ಲ ರಾತ್ರಿಗಳ ನಿದ್ದೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿ ಕಲಸಿ. ಕಣ್ಣುಮುಚ್ಚಿ ಎರಡು ಗುಂಪು ಮಾಡಿ, ಸರಾಸರಿಗಳ ವ್ಯತ್ಯಾಸ ಬರೆದುಕೊಳ್ಳಿ. ಮತ್ತೆ ಕಲಸಿ, ಮತ್ತೆ ಮಾಡಿ. ಐವತ್ತು ಸಲ ಮಾಡುವಷ್ಟು ತಾಳ್ಮೆ ಭಾನುವಾರ ಮಧ್ಯಾಹ್ನ ತಾಯಿ ಮಗಳಿಬ್ಬರಿಗೆ ಇರಬಹುದು. ಬರೀ ಕಲಸುವುದರಿಂದಲೇ ಐವತ್ತರಲ್ಲಿ ಹದಿನೈದು ಸಲ ಇಪ್ಪತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದರೆ ನಿಮ್ಮ ಇಪ್ಪತ್ತು ನಿಮಿಷಕ್ಕೆ ಬೆಲೆಯಿಲ್ಲ. ಒಂದು ಸಲವೋ ಎರಡು ಸಲವೋ ಬಂದರೆ ಕಾಫಿಯ ಮೇಲಿನ ಆರೋಪ ಗಟ್ಟಿ. ಪುಸ್ತಕದಲ್ಲಿ ‘ಪಿ ಮೌಲ್ಯ’ ಎಂದು ಬೆದರಿಸುವ ವಸ್ತು ಇಷ್ಟೇ.

ಇದರ ಹಿಂದಿನ ಎಣಿಕೆಯನ್ನು ಇನ್ನೂ ಚೊಕ್ಕವಾಗಿ ತೋರಿಸುವ ಆಟ ಒಂದಿದೆ, ಅದೂ ಫಿಷರ್ ಕೊಟ್ಟದ್ದೇ. ಅವರ ಸಹೋದ್ಯೋಗಿ ಮಹಿಳೆಯೊಬ್ಬರು ಲೋಟಕ್ಕೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲೋ ಎಂದು ಕುಡಿದು ಹೇಳಬಲ್ಲೆ ಎಂದರಂತೆ. ಬೇಲೂರಿನಲ್ಲಿ ಇದನ್ನು ಕಾಫಿಯಲ್ಲೇ ಆಡಬೇಕು. ‘ಚಿಕೋರಿ ಇದ್ದರೆ ಒಂದು ಗುಟುಕಿಗೇ ಹೇಳುತ್ತೇನೆ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಎಂಟು ಲೋಟ ಮಾಡಿ. ನಾಲ್ಕರಲ್ಲಿ ಚಿಕೋರಿ, ನಾಲ್ಕರಲ್ಲಿ ಇಲ್ಲ. ಕಲಸಿದ ಕ್ರಮದಲ್ಲಿ ಕೊಟ್ಟು, ಚಿಕೋರಿಯ ನಾಲ್ಕನ್ನು ಆರಿಸಲು ಹೇಳಿ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ನಾಲಿಗೆ ಏನೂ ಹೇಳದೆ ಬರೀ ಅದೃಷ್ಟದಿಂದ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ ಒಂದು. ಹಾಗಾದರೆ ಒಪ್ಪಿಕೊಂಡು ಕೈಮುಗಿಯಬಹುದು. ಮೂರು ಸರಿ, ಒಂದು ತಪ್ಪು ಎಂದಾದರೆ? ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ದಾರಿಗಳು 17. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ ಯಾರಿಗಾದರೂ ಒದಗಬಹುದಾದ ಅದೃಷ್ಟ. ‘ಒಂದೇ ಒಂದು ತಪ್ಪಿತು ಅಷ್ಟೇ’ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ಎಂಟೂ ಲೋಟಕ್ಕೆ ಹಾಲು, ಸಕ್ಕರೆ, ಬಿಸಿ ಒಂದೇ ಹದದಲ್ಲಿರಲಿ, ಕೊಡುವವರಿಗೂ ಯಾವುದು ಯಾವುದೆಂದು ತಿಳಿಯದಿರಲಿ. ಮುಖ ನೋಡಿ ಓದಿಬಿಡುತ್ತಾರೆ.

ಜಾಯಿಕಾಯಿ ಹಾಲಿನ ವಿಷಯ. ಹಾಲು ಕುಡಿಯಿರಿ, ಬೇಡವೆನ್ನುವುದಿಲ್ಲ, ಸಾಬೀತಾಗಿದೆ ಎನ್ನಬೇಡಿ. ನೀವು ಅದನ್ನು ಕುಡಿಯುವುದು ಅತಿ ಕೆಟ್ಟ ರಾತ್ರಿಯ ಮರುದಿನ ಮಾತ್ರ. ನಾಲ್ಕು ಗಂಟೆ ಮಲಗಿದ ರಾತ್ರಿಯ ಮರುದಿನ ಹಾಲು ಕುಡಿದರೂ ಬಿಟ್ಟರೂ ನಿದ್ದೆ ಮೇಲಕ್ಕೇ ಏರಬೇಕು, ಕೆಳಗೆ ಇಳಿಯಲು ಜಾಗವೆಲ್ಲಿದೆ? ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಯರ ಮತ್ತು ಮಕ್ಕಳ ಎತ್ತರ ಹೋಲಿಸಿ ಇದನ್ನೇ ತೋರಿಸಿದರು: ಬಹಳ ಎತ್ತರದವರ ಮಕ್ಕಳು ಎತ್ತರವೇ, ಆದರೆ ಅವರಷ್ಟಲ್ಲ; ಬಹಳ ಕುಳ್ಳರ ಮಕ್ಕಳು ಅವರಷ್ಟು ಕುಳ್ಳರಲ್ಲ. ಅತಿಯಾದದ್ದರ ನಂತರ ಬರುವುದು ಸಾಮಾನ್ಯವಾಗಿ ನಡುವಿನ ಕಡೆಗೇ ವಾಲಿರುತ್ತದೆ. ಜ್ವರ ನೆತ್ತಿಗೇರಿದ ದಿನ ಕಟ್ಟಿದ ಯಂತ್ರ, ಸೋತು ಸುಣ್ಣವಾದಾಗ ಬದಲಿಸಿದ ತಂಡದ ನಾಯಕ, ಎಲ್ಲರೂ ಹೆಸರು ಮಾಡುವುದು ಹೀಗೆಯೇ. ನಿದ್ದೆಗೆಟ್ಟ ಮರುದಿನ ಹಾಲು ಕುಡಿಯದ ರಾತ್ರಿಗಳು ಡೈರಿಯಲ್ಲಿವೆಯೇ ಹುಡುಕಿ, ಅವುಗಳ ಜೊತೆ ಹೋಲಿಸಿ. ಇಲ್ಲದಿದ್ದರೆ ಇಲ್ಲಿಗೂ ಅದೇ ಒಂದು ರೂಪಾಯಿ ನಾಣ್ಯ.

ಇನ್ನೊಂದು ಎಚ್ಚರಿಕೆ. ನಿಮ್ಮಲ್ಲಿ ಆರು ಕಾಲಂ ಇವೆ; ಎರಡೆರಡರ ಜೋಡಿ 15 ಆಗುತ್ತವೆ, ಒಂದು ದಿನ ಸರಿಸಿ ನೋಡಿದರೆ ಇನ್ನೂ ಹೆಚ್ಚು. ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಆಕಸ್ಮಿಕವಾಗಿ ಬರುವಂಥ ಸಂಬಂಧವನ್ನು ‘ನಿಜ’ ಎಂದು ಒಪ್ಪಿಕೊಳ್ಳುತ್ತಾ ಹೋದರೆ ಇಷ್ಟು ಜೋಡಿಗಳಲ್ಲಿ ಒಂದೆರಡು ಸುಳ್ಳು ಸಂಬಂಧ ಸಿಕ್ಕೇ ಸಿಗುತ್ತವೆ. ಬಸ್ಸು ತಡವಾದ ದಿನ ಮೊಬೈಲ್ ಕಡಿಮೆ ನೋಡುತ್ತೀರಿ ಎಂದು ಬಂದರೆ ಪುಳಕಗೊಳ್ಳಬೇಡಿ. ಯಾವ ಪ್ರಶ್ನೆ ಕೇಳುತ್ತೀರಿ ಎನ್ನುವುದನ್ನು ಅಂಕಿ ನೋಡುವ ಮೊದಲೇ ಬರೆದಿಡಿ.

ಎಷ್ಟು ದಿನದ ಡೈರಿ ಸಾಕು ಎಂದು ನೀವು ಕೇಳಿಲ್ಲ, ಆದರೂ ಕೇಳಿಯೇ ಕೇಳುತ್ತೀರಿ. ನಿಮ್ಮ ನಿದ್ದೆಯ ಮಾನಕ ವಿಚಲನೆ ಸುಮಾರು ಒಂದು ಗಂಟೆ ಎಂದಿಟ್ಟುಕೊಂಡರೆ 25 ದಿನಗಳ ಸರಾಸರಿಯಲ್ಲಿ ಸುಮಾರು 12 ನಿಮಿಷದ ಅಲುಗಾಟ ಇರುತ್ತದೆ, 100 ದಿನಗಳ ಸರಾಸರಿಯಲ್ಲಿ 6 ನಿಮಿಷದ್ದು. ಒಂದು ಗಂಟೆಯನ್ನು ದಿನಗಳ ವರ್ಗಮೂಲದಿಂದ ಭಾಗಿಸಿದ್ದು, ಅಷ್ಟೇ. ಅಲುಗಾಟ ಅರ್ಧವಾಗಬೇಕಾದರೆ ದಿನಗಳು ನಾಲ್ಕು ಪಟ್ಟು ಆಗಬೇಕು. ವರ್ಷಗಟ್ಟಲೆ ಬರೆಯುವುದರಲ್ಲಿ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ನಿಮ್ಮ ರಾತ್ರಿಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ, ಹಾಗಾಗಿ ನಿಜವಾದ ಅಲುಗಾಟ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು. ಹತ್ತಿಪ್ಪತ್ತು ದಿನಗಳಷ್ಟೇ ಇದ್ದರೂ ಕೈಚೆಲ್ಲಬೇಕಿಲ್ಲ. ಸಣ್ಣ ಲೆಕ್ಕಗಳಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಎನ್ನುವ ಪ್ರಶ್ನೆಯನ್ನು 1908ರಲ್ಲಿ ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್. ಲೇಖನವನ್ನು ಸ್ವಂತ ಹೆಸರಿನ ಬದಲು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮಗಳು ಮುಂದೆ ಎಂದಾದರೂ ‘ಟಿ ಪರೀಕ್ಷೆ’ ಕಲಿತರೆ ಅದು ಅಲ್ಲಿಂದ ಬಂದದ್ದು.

ಡೈರಿಯ ಅಂಕಿಗಳನ್ನು ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಬಳಸಬಹುದು. ಬಸ್ಸಿನ ಕಾಲಂ ಕೊಡಿ, ಸಾಕಾಗುತ್ತದೆ. ನಿದ್ದೆಯದೂ ಮೊಬೈಲಿನದೂ ಮನೆಯಲ್ಲೇ ಇರಲಿ, ತರಗತಿಯ ಗೋಡೆಯ ಮೇಲೆ ತಾಯಿಯ ರಾತ್ರಿಗಳು ತೂಗುಬೀಳುವುದು ಬೇಡ. ಬಸ್ಸಿನ ಅಂಕಿಗಳಿಗೆ ಅವಳು ವಾರದ ದಿನವನ್ನೂ ಹೊರಟ ಸಮಯವನ್ನೂ ಸೇರಿಸಿದರೆ ಸೋಮವಾರಗಳು ನಿಜವಾಗಿಯೂ ನಿಧಾನವೇ ಎಂಬ ಪ್ರಶ್ನೆಗೆ ಚೀಟಿ ಕಲಸಿ ಉತ್ತರ ತೆಗೆಯಬಹುದು. ನಿಮ್ಮ ವಿಷಯಕ್ಕೆ, ವಾರದಲ್ಲಿ ಐದು ರಾತ್ರಿ ಐದೈದೂವರೆ ಗಂಟೆಯ ನಿದ್ದೆ ತಿಂಗಳುಗಟ್ಟಲೆ ಮುಂದುವರಿದಿದ್ದರೆ ಡೈರಿಯನ್ನು ನನಗಲ್ಲ, ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಬೆಳಗಿನ ಕಾಫಿಗೆ ಕೈಹಾಕಬೇಡಿ. ನಾಣ್ಯದ ಪ್ರಯೋಗ ಸಂಜೆ ನಾಲ್ಕರ ನಂತರದ ಕಾಫಿಗೆ ಮಾತ್ರ.